ಫಿರಂಗಿ ದಳಕ್ಕೆ ನೆನಪಿನ ಪಾಠ

ವಯಸ್ಸಾದವರ ನೆನಪಿನ ಶಕ್ತಿ ಉಳಿಸುವುದು ಹೇಗೆ ಎಂದು ಬೆಳಗಾವಿಯಲ್ಲಿ ಎರಡು ದಿನ ತರಬೇತಿ ಪಡೆದು ಖಾನಾಪುರದ ಬಸ್ ಹತ್ತಿದೆ. ಇಳಿಯುವಾಗ ನಾನು ಮೆದುಳು ತಜ್ಞ! ನಿವೃತ್ತ ಗಣಿತದ ಮಾಸ್ತರನಿಗೆ ಇನ್ನೇನು ಬೇಕು? ಊರಿನ ಮಾಜಿ ಸೈನಿಕರನ್ನು ಸಮುದಾಯ ಭವನದಲ್ಲಿ ಸೇರಿಸಿಯೇಬಿಟ್ಟೆ.

ಬಂದವರೆಲ್ಲ ಫಿರಂಗಿ ದಳದಲ್ಲಿ ದುಡಿದವರು. ಮುಂದಿನ ಕುರ್ಚಿಯಲ್ಲಿ ನಮ್ಮ ಓಣಿಯ ಸುಬೇದಾರ್ ಶಿವಪ್ಪನವರು. ಅವರು ಮಾತಿಗೆ ನಿಂತರೆ ಇನ್ನೊಬ್ಬರಿಗೆ ಬಿಡುವವರೇ ಅಲ್ಲ. ಹಿರಿಯರೊಡನೆ ಮೆಲುದನಿಯಲ್ಲಿ ಮಾತಾಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ಜೋಗುಳ ಹಾಡುವವನಂತೆ "ಅಕ್ಕಿ, ಕೊಡೆ, ಎಮ್ಮೆ, ಬೀಗ, ಸೇತುವೆ" ಎಂದೆ. "ನೆನಪಿಟ್ಕೊಳ್ರಿ. ತಿಳೀತೇನ್ರಿ?"

"ಯೆಸ್ ಸಾಬ್!" ಭವನದ ತಗಡು ನಡುಗಿತು.

ಚಹಾ ಆದ ಮೇಲೆ ಆ ಪದಗಳನ್ನು ಕೇಳಿದರೆ ಎಲ್ಲರೂ ಗಪ್‌ಚುಪ್. ಸುಬೇದಾರರು ಎದ್ದು, ಎದೆ ಸೆಟೆಸಿ, ಮತ್ತೆ "ಯೆಸ್ ಸಾಬ್!" ಎಂದು ಕುಳಿತರು. ಅಯ್ಯೋ ಶಿವನೇ, ಇಡೀ ಪಡೆಯೇ ಮರೆವಿಗೆ ಬಲಿಯಾಗಿದೆ!

ನಾನು ಸುಮ್ಮನಿರಬಹುದಿತ್ತು. ಇದ್ದರೆ ತಾನೆ! ನೇರವಾಗಿ ಅವರ ಹೆಂಡತಿ ನೀಲವ್ವನವರಿಗೆ ವರದಿ ಒಪ್ಪಿಸಿದೆ. "ಅಕ್ಕಾರ, ಸುಬೇದಾರರ ನೆನಪು ಪೂರಾ ಹೋಗೇತ್ರಿ."

"ಖರೇ ಏನ್ರಿ? ಎಷ್ಟ ಕರದ್ರೂ ತಿರುಗಿ ನೋಡಂಗಿಲ್ಲ, ಅದಕ್ಕ ಇರಬೇಕು! ದಿನಾ ಮೊಮ್ಮಗಳನ್ನ ಸಾಲಿಂದ ಕರಕೊಂಡ ಬರೋರು ಅವರಲ್ರಿ. ಕೂಸನ್ನ ಎಲ್ಲೆರೆ ಬಿಟ್ಟು ಬಂದ್ರ?" ಎಂದು ಅವರು ಕಣ್ಣಿಗೆ ಸೆರಗು ಹಚ್ಚಿದರು.

ಮರುದಿನದಿಂದ ಮೊಮ್ಮಗಳಿಗೆ ಆಟೊ. ಸುಬೇದಾರರು ಮಾತ್ರ ಶಾಲೆ ಬಿಡುವ ಹೊತ್ತಿಗೆ ಇಸ್ತ್ರಿ ಅಂಗಿ ತೊಟ್ಟು, ಗೇಟಿನಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಸರಸರನೆ ದಾಟಿಹೋಗುತ್ತಿದ್ದೆ.

ಆದರೂ ಒಂದು ಕುತೂಹಲ ತಲೆ ಕೊರೆಯುತ್ತಿತ್ತು. ಜಾಂಬೋಟಿಯಿಂದ ಕಣಕುಂಬಿವರೆಗಿನ ಘಟ್ಟದ ರಸ್ತೆಯ ತಿರುವುಗಳನ್ನೆಲ್ಲ ಒಂದೂ ಬಿಡದೆ ಹೇಳುವ ಮನುಷ್ಯನಿಗೆ ಒಂದು ಎಮ್ಮೆ ನೆನಪಿರುವುದಿಲ್ಲವೇ?

ಮುಂದಿನ ಪಾಠದ ದಿನ ನೆಗಡಿಯಾಗಿ ನನ್ನ ಗಂಟಲು ಕಟ್ಟಿತ್ತು. ಪದಗಳನ್ನು ಹಲಗೆಯ ಮೇಲೆ ಬರೆದು ಅಳಿಸಿದೆ. ಚಹಾ ಆದ ಮೇಲೆ "ಈಗ ಹೇಳ್ರಿ" ಎಂದು ಬರೆದೆ. ಸುಬೇದಾರರು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಪಟಪಟನೆ ಒಪ್ಪಿಸಿದರು!

"ಮೊನ್ನೆ ಯಾಕ ಹೇಳ್ಲಿಲ್ರಿ?" ಎಂದು ಬರೆದೆ.

"ನೀವ್ ಏನಂದ್ರಿ ಅಂತ ಯಾರಿಗೆ ಕೇಳಿಸ್ತು? ಢಂ ಢಂ ಅನ್ನೂ ತೋಫಿನ ಬಾಜೂಕ ನಿಂತು ನಿಂತು ಕಿವಿ ಹೋಗ್ಯಾವ!"

"ಮತ್ತ ಯೆಸ್ ಸಾಬ್ ಅಂದ್ರಿ?" ಸೀಮೆಸುಣ್ಣ ಮುರಿಯಿತು.

"ಮುಂದ ನಿಂತವರು ಬಾಯಿ ಮುಚ್ಚಿದ ಕೂಡ್ಲೆ ಹಂಗ ಅನ್ನೂದು ಫೌಜಿನ ರೂಢಿ ರೀ, ಮಾಸ್ತರ."

ಮನೆಗೆ ಹೋಗಿ ತರಬೇತಿಯ ಪುಸ್ತಕ ತೆರೆದರೆ, ಕಿವಿ ಮಂದವಾದರೆ ನೆನಪಿಗೂ ಪೆಟ್ಟು, ಮೊದಲು ಕಿವಿ ನೋಡಿ ಎಂಬುದೇ ಮೊದಲ ಪಾಠ. ಆ ಪಾಠದ ಹೊತ್ತಿನಲ್ಲಿ ನಾನು ಕುಂದಾ ಮಿಠಾಯಿ ಕೊಳ್ಳಲು ಹೋಗಿದ್ದೆ!

ಸುಬೇದಾರರನ್ನು ಬೆಳಗಾವಿಯ ಡಾಕ್ಟರ ಬಳಿ ಕರೆದೊಯ್ದೆ. ನೆನಪು ಗಟ್ಟಿಯಾಗಿದೆ ಎಂದರು. ಕಿವಿಗೆ ಯಂತ್ರ ಬಂತು. ನೀಲವ್ವ ಆಟೊ ಬಿಡಿಸಿ, ಮೊಮ್ಮಗಳನ್ನು ಕರೆತರುವ ಕೆಲಸವನ್ನು ಗಂಡನಿಗೇ ಮರಳಿ ಒಪ್ಪಿಸಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಮುಂದಿನ ಪಾಠಕ್ಕೆ ಸುಬೇದಾರರು ಯಂತ್ರ ಹಾಕಿಕೊಂಡೇ ಬಂದರು. ನನ್ನ ಉಪನ್ಯಾಸ ಮೊದಲ ಸಲ ಅವರ ಕಿವಿಗೆ ಬೀಳಲಿದೆ! ನಾನು ಉಬ್ಬಿಹೋಗಿ ಮೆದುಳಿನ ರಚನೆಯಿಂದಲೇ ಶುರು ಮಾಡಿದೆ. ಅವರು ಸ್ವಲ್ಪ ಹೊತ್ತು ಬಹಳ ಕುತೂಹಲದಿಂದ ಕೇಳಿದರು. ಆಮೇಲೆ ಮೆಲ್ಲಗೆ ಯಂತ್ರ ಕಳಚಿ ಅಂಗಿಯ ಜೇಬಿಗೆ ಇಳಿಸಿದರು.

"ನೀವ್ ನಡಸ್ರಿ ಮಾಸ್ತರ. ಸಾಲಿ ಬಿಡೂ ಹೊತ್ತಿಗೆ ಮತ್ತ ಹಾಕೊಂತೀನಿ. ಸುಮ್ಮನ ಸೆಲ್ ಯಾಕ ಹಾಳ ಮಾಡೂದು?"