ಎಂಟು ನಿಮಿಷದ ಇಡಿಗೋಧಿ ಪಾಸ್ತಾ

ನಿವೃತ್ತನಾಗಿ ಮೂರು ವರ್ಷವಾದ ನನ್ನನ್ನು ನಮ್ಮ ಕಚೇರಿ ಮತ್ತೆ ಕೆಲಸಕ್ಕೆ ಯಾಕೆ ಕರೆಯಿತು, ಹೇಳಿ ನೋಡೋಣ? ನನ್ನ ಬುದ್ಧಿವಂತಿಕೆಗೆ ಅಂದಿರಾ? ನನ್ನ ಹೆಂಡತಿಯೂ ಇದಕ್ಕೇ ನಕ್ಕಿದ್ದು. ಕಾರಣ, ಇಡಿಗೋಧಿ ಪಾಸ್ತಾ.

ಸಿಬ್ಬಂದಿಯ ಆರೋಗ್ಯದ ದೃಷ್ಟಿಯಿಂದ ಕ್ಯಾಂಟೀನಿನಲ್ಲಿ ಮಾಮೂಲಿ ಪಾಸ್ತಾದ ಬದಲು ಇಡಿಗೋಧಿಯದನ್ನೇ ಬೇಯಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಮರುದಿನವೇ ಕ್ಯಾಂಟೀನಿನ ಅಡುಗೆಯಮ್ಮ ನಮ್ಮ ಮನೆಗೆ ಬಂದರು.

"ಸಾರ್, ಇದು ಬೇಯೋಕೆ ಹನ್ನೆರಡು ನಿಮಿಷ ಬೇಕು. ನಿಯಮದಲ್ಲಿ ಎಂಟೇ ಇರೋದು. ಎಂಟಕ್ಕೆ ಇಳಿಸಿದ್ರೆ ಹಗ್ಗ ಅಗಿದ ಹಾಗಿದೆ ಅಂತಾರೆ, ಹನ್ನೆರಡು ಬಿಟ್ರೆ ನಿಯಮ ಮುರಿದೆ ಅಂತಾರೆ. ಬುಧವಾರ ತಪಾಸಣೆ. ಹನ್ನೊಂದು ವರ್ಷದಿಂದ ತಾತ್ಕಾಲಿಕ ನಾನು. ಈ ಸಲ ಖಾಯಂ ಆಗದಿದ್ರೆ ಮನೆಗೇ ಕಳಿಸ್ತಾರೆ. ಯಾರು ಸಾರ್, ಆ ಎಂಟು ಬರೆದ ಪುಣ್ಯಾತ್ಮ?"

"ಇವರೇ ಕಣಮ್ಮ!" ಹೆಂಡತಿ ಒಳಗಿನಿಂದ ಕೂಗಿದಳು. "ಮನೇಲಿ ಒಂದು ದಿನ ನೀರು ಕಾಯಿಸಿದವರಲ್ಲ."

ನಿಜವೇ. ಪಾಸ್ತಾ ಎಂಟೇ ನಿಮಿಷ ಬೇಯತಕ್ಕದ್ದೆಂಬ ನಿಯಮ ಹದಿನಾಲ್ಕು ನನ್ನ ಮೂವತ್ತೈದು ವರ್ಷದ ಸೇವೆಯ ಏಕೈಕ ಸಾಧನೆ. ಅದನ್ನು ತಿದ್ದಲು ಏಳು ಸಹಿ, ಎಂಟು ತಿಂಗಳು ಬೇಕು. ಗಡಿಯಾರ ರಿಪೇರಿಗೆ ಯಾರ ಸಹಿಯೂ ಬೇಡ. ಆದ್ದರಿಂದ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ, ಹನ್ನೆರಡು ನಿಮಿಷ ಕಳೆದರೆ ಎಂಟು ತೋರಿಸುವಂತೆ ಅಡುಗೆಮನೆಯ ಗಡಿಯಾರವನ್ನು ನಿಧಾನ ಮಾಡಿಸಿದೆ. ಪಾಸ್ತಾ ಮೆತ್ತಗಾಯಿತು, ನಿಯಮ ಗಟ್ಟಿಯಾಗಿಯೇ ಉಳಿಯಿತು.

ಒಂದು ಗಂಟೆಯ ಊಟ ಮಾತ್ರ ಮೂರಕ್ಕೆ ಬಂತು. ಹೊಟ್ಟೆ ತಾಳ ಹಾಕುತ್ತಿದ್ದವರು ದೂರು ಕೊಟ್ಟರು. ಮೇಲಧಿಕಾರಿಗಳು ಕೂಲಂಕಷವಾಗಿ ಪರಿಶೀಲಿಸಿ, "ಊಟ ತಡವಾಗಿಲ್ಲ, ನಿಮ್ಮ ಗಡಿಯಾರಗಳು ಮುಂದೆ ಓಡುತ್ತಿವೆ" ಎಂದು ತೀರ್ಮಾನಿಸಿ, ಕಚೇರಿಯ ಎಲ್ಲ ಗಡಿಯಾರಗಳನ್ನೂ ಅಡುಗೆಮನೆಯದಕ್ಕೆ ಹೊಂದಿಸಿದರು. ಎಂಟು ಗಂಟೆಯ ಕೆಲಸ ಹನ್ನೆರಡಾಯಿತು. ಸಿಬ್ಬಂದಿ ಗೊಣಗಿದರು, ಗೊಣಗಲು ಈಗ ಸಮಯವೂ ಧಾರಾಳವಾಗಿತ್ತು.

ತಪಾಸಣಾಧಿಕಾರಿ ಗಡಿಯಾರ ನೋಡಿದರು, ಒಂದು ಚಮಚ ತಿಂದರು. "ಎಂಟೇ ನಿಮಿಷಕ್ಕೆ ಇಷ್ಟು ಹದವೇ!" ಖಾಯಮಾತಿ ಆದೇಶಕ್ಕೆ ಅಲ್ಲೇ ಸಹಿ ಬಿತ್ತು. ಅಡುಗೆಯಮ್ಮ ಸೆರಗಿಗೆ ಮೂರು ಸಲ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು.

ಅಷ್ಟರಲ್ಲಿ ಸಿಬ್ಬಂದಿ ವಿಭಾಗದವರಿಗೆ ಹೊಳೆಯಿತು: ಕಚೇರಿಯ ಕಾಲಮಾನದ ಪ್ರಕಾರ ಅರವತ್ಮೂರರ ನನಗೆ ಬರೀ ನಲವತ್ತೆರಡು, ನಿವೃತ್ತಿ ಅಕ್ರಮ. ಕೂಡಲೇ ಹಾಜರಾಗತಕ್ಕದ್ದು!

"ನನಗೆ ನಲವತ್ತೆರಡು ಕಣೇ!" ಎಂದು ಕಚೇರಿಯಿಂದಲೇ ಹೆಂಡತಿಗೆ ಫೋನು ಮಾಡಿ ಕುಣಿದೆ.

"ಹಾಗಾದ್ರೆ ನನಗೆಷ್ಟು ರೀ?"

"ನೀನು ಕಚೇರಿಯವಳಲ್ಲವಲ್ಲ. ನಿನಗೆ ಅರವತ್ತೇ."

ಫೋನು ಕಟ್ಟಾಯಿತು. ಅಂದಿನಿಂದ ನನಗೆ ಎರಡು ಹೊತ್ತೂ ಕ್ಯಾಂಟೀನೇ ಗತಿ. ನನ್ನನ್ನು ಮತ್ತೆ ಕೆಲಸಕ್ಕೆ ಕರೆದದ್ದು ಹೊರಗಿನವರ ಲೆಕ್ಕದಲ್ಲಿ ಜುಲೈ ಹದಿನಾರು, ಬುಧವಾರ. ನಮ್ಮ ಕಚೇರಿಯಲ್ಲಿ ಹದಿನೈದು, ಇನ್ನೂ ಮಂಗಳವಾರ.