ಅಳುವುದಕ್ಕೊಂದು ಪಿಟೀಲು

ನನ್ನ ಕಣ್ಣೀರಿನ ಕೀಲಿಕೈ ಮುಂಬಯಿಯ ಒಬ್ಬ ಸಂಗೀತ ನಿರ್ದೇಶಕನ ಹತ್ತಿರ ಇತ್ತು ಎಂದರೆ ನೀವು ನಗಬಹುದು. ನಗ್ರಿ. ಅವನ ಮುಖವನ್ನು ನಾನು ಕಂಡವನಲ್ಲ. ಆದರೆ ಕೊಲ್ಹಾಪುರದ ಟಾಕೀಜಿನಲ್ಲಿ ಅವನ ಪಿಟೀಲುಗಳು ಸಣ್ಣಗೆ ನರಳತೊಡಗಿದರೆ ಮುಗಿಯಿತು, ಪರದೆಯ ಮೇಲೆ ಇನ್ನೂ ಯಾರೂ ಸತ್ತಿರುತ್ತಿರಲಿಲ್ಲ, ಕಣ್ಣೊರೆಸಿ ಒರೆಸಿ ನನ್ನ ದಸ್ತಿ ತೊಯ್ದಿರುತ್ತಿತ್ತು. ಪಕ್ಕದಲ್ಲಿ ಹೆಂಡತಿ ಸುಶೀಲಾ ನಾಚಿಕೊಂಡು, ಈತ ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಕೂತಿರುತ್ತಿದ್ದಳು. ಒಮ್ಮೆ ಗಡಹಿಂಗ್ಲಜದ ಟೆಂಟಿನಲ್ಲಿ ನಾಯಕನ ತಾಯಿ ಸಾಯುವ ಹೊತ್ತಿಗೇ ಸೌಂಡು ಕೆಟ್ಟಿತು. ಮುದುಕಿ ಸುಮ್ಮನೆ ಬಾಯಿ ತೆರೆದಳು, ಮುಚ್ಚಿದಳು. ಸತ್ತ ಮೇಲೂ ಆಕೆಯ ಹೊಟ್ಟೆ ಏರಿಳಿಯುತ್ತಿತ್ತು. ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಹಾಗಾದರೆ ಅಷ್ಟು ದಿನ ನಮ್ಮನ್ನು ಅಳಿಸಿದ್ದು ನಟಿಯಲ್ಲ, ಮುಖ ಕಾಣದ ಆ ಪುಣ್ಯಾತ್ಮ.

ಮುಂದೆ ಸುಶೀಲಾಳ ತವರು ಹಲಕರ್ಣಿಯಲ್ಲಿ ನನ್ನ ಅತ್ತೆ ತೀರಿಕೊಂಡರು. ಸಾಕೆಂದರೂ ಇನ್ನೊಂದು ರೊಟ್ಟಿ ಹಾಕುತ್ತಿದ್ದ, ಬೇಡವೆಂದರೆ ಮುನಿಸಿಕೊಳ್ಳುತ್ತಿದ್ದ ಜೀವ. ಅಂಗಳದ ತುಂಬ ಅಳು. ನನಗೂ ದುಃಖವಾಗಿತ್ತು, ಖರೇನ ಆಗಿತ್ತು; ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ಲ. ಚಾಪೆ ಹಾಸುತ್ತ, ಬಂದವರಿಗೆ ನೀರು ಕೊಡುತ್ತ ತಿರುಗಾಡಿದೆ. ಸುಶೀಲಾ ಅದನ್ನು ನೋಡಿದ್ದಳು. ಇಚಲಕರಂಜಿಗೆ ಮರಳಿದ ಮೇಲೆ ಒಂದೇ ಮಾತು ಅಂದಳು:

"ನಮ್ಮವ್ವಗ ಪಿಟೀಲು ಬಾರಸವ್ರು ಯಾರೂ ಇರಲಿಲ್ಲ ನೋಡ್ರಿ."

ಅಂದಿನಿಂದ ಆಕೆ ನನ್ನ ಜೊತೆ ಸಿನಿಮಾಕ್ಕೆ ಬರುವುದನ್ನೇ ಬಿಟ್ಟಳು. ಮಾತೂ ಅಷ್ಟಕ್ಕಷ್ಟೇ ಆಯಿತು. ಸಮಾಧಾನ ಹೇಳೋಣವೆಂದರೆ ನನಗೆ ಮಾತು ಸಿಗದು, ಸಿಕ್ಕರೆ ಬಾಯಿ ಬಾರದು. ಸಿನಿಮಾದವರಿಗೆ ಅದನ್ನೆಲ್ಲ ಯಾರೋ ಬರೆದು ಕೊಟ್ಟಿರುತ್ತಾರೆ.

ನಮ್ಮ ಮನೆ ಇದ್ದದ್ದು ಇಚಲಕರಂಜಿಯ ಶಹಾಪುರ ಭಾಗದಲ್ಲಿ. ಎರಡೂ ಕಡೆ ವಿದ್ಯುತ್ ಮಗ್ಗದ ಶೆಡ್ಡು, ಹಗಲೆಲ್ಲ ಖಟಖಟ. ಒಂದು ಮಧ್ಯಾಹ್ನ ಕರೆಂಟು ಹೋಗಿ ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ಆಗ ಅಡುಗೆಮನೆಯಿಂದ ಬಿಕ್ಕುವುದು ಕೇಳಿಸಿತು. ಆಕೆ ದಿನಾ ಮಗ್ಗದ ಸದ್ದಿನ ಮರೆಯಲ್ಲಿ ಹೀಗೇ ಅಳುತ್ತಿದ್ದಳೋ ಏನೋ, ನನಗೆ ಗೊತ್ತೇ ಆಗಿರಲಿಲ್ಲ. ಯಾವ ಪಿಟೀಲೂ ಇಲ್ಲದೆ ನನ್ನ ಕಣ್ಣುಗಳು ತುಂಬಿ ಬಂದವು. ಬಾಗಿಲಲ್ಲಿ ನಿಂತು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಶುರುವಾದವು. ಏನೆಂದು ಆಕೆ ಕೈಮಾಡಿ ಕೇಳಿದಳು. ಮನಸ್ಸಿನ ಮಾತನ್ನು ನಾನು ಗಂಟಲು ಹರಿಯುವಂತೆ ಒದರಬೇಕಾಯಿತು:

"ನಂಗೂ ಅತ್ತಿ ಭಾಳ ನೆನಪಾಗ್ತಾರ."

ನಾನು ಒದರಿದ್ದು ಕೇಳಿ ಪಕ್ಕದ ಶೆಡ್ಡಿನ ನೇಕಾರ ಓಡಿ ಬಂದ. ಆಕೆಯ ಕಣ್ಣೀರು ನೋಡಿ, ಹೆಂಗಸರ ಮೇಲೆ ಹಿಂಗ ಒದರಬಾರದು ಎಂದು ನನಗೇ ಬುದ್ಧಿ ಹೇಳಿದ. ಸುಶೀಲಾ ನನ್ನ ಪರ ಒಂದು ಮಾತೂ ಆಡಲಿಲ್ಲ, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದಳು. ಸೆರಗಿನ ಮರೆಯಲ್ಲಿ ತಾನು ಹಿಡಿದುಕೊಂಡಿದ್ದ ನನ್ನ ಕೈ ಮಾತ್ರ ಬಿಡಲಿಲ್ಲ.