ಧೂಳು ಅಳೆಯುವ ಯಂತ್ರದವರ ಸನ್ನಿಧಾನಕ್ಕೆ

ಗಣಿ ಕಚೇರಿಯ ಗೋಡೆಯ ಮೇಲೆ ವಿರಾಜಮಾನರಾಗಿರುವ, ಧೂಳು ಅಳೆಯುವ ಯಂತ್ರವಾದ ಮಾನ್ಯರೇ,

ತಮ್ಮನ್ನು ದಿನವೂ ಮೆತ್ತನೆಯ ಬಟ್ಟೆಯಿಂದ ಒರೆಸುವ ಕಸಗುಡಿಸುವವಳ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಣ್ಣನೆಯ ಕೋಣೆ, ಮುಚ್ಚಿದ ಕಿಟಕಿ, ಪಕ್ಕದಲ್ಲಿ ಮ್ಯಾನೇಜರ್ ಸಾಹೇಬರ ಹೂಕುಂಡ, ಇಷ್ಟಿದ್ದರೆ ಯಾರು ತಾನೇ ಕ್ಷೇಮವಾಗಿರುವುದಿಲ್ಲ!

ಬಂಡೆ ಕೊರೆಯುವುದು ಪಾತಾಳದಲ್ಲಿ, ಧೂಳು ಅಳೆಯುವುದು ಮಹಡಿಯಲ್ಲಿ ಎಂಬ ಏರ್ಪಾಡು ಹೊಳೆದ ತಲೆಗೆ ಎಂಥ ಕಿರೀಟ ತೊಡಿಸಿದರೂ ಕಡಿಮೆಯೇ. ಕೆಳಗಿಳಿಸಿದರೆ ತಾವು ಕೆಟ್ಟುಹೋಗುತ್ತೀರಂತೆ. ನಮ್ಮ ಯಜಮಾನರು ಮದುವೆಗೆ ಮುಂಚಿನಿಂದಲೂ ಅಲ್ಲೇ ಡ್ರಿಲ್ ಹಿಡಿದಿದ್ದಾರೆ. ಅವರು ಕೆಡುವ ಸಾಮಾನಲ್ಲವೆಂದು ಕಂಪನಿ ನಂಬಿದೆ.

ಈಗ ಅವರು ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಏನೋ ಮರೆತವರಂತೆ ನಟಿಸುತ್ತಾ ಉಸಿರು ಹುಡುಕುತ್ತಾರೆ. ಮಲಗಿದರೆ ಎದೆ ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾರೆ. ಕಂಪನಿಯ ಡಾಕ್ಟರು “ಸಿಗರೇಟು ಬಿಟ್ಬಿಡಪ್ಪಾ, ಎಲ್ಲಾ ಸರಿಹೋಗುತ್ತೆ” ಎಂದರು. ಜನ್ಮದಲ್ಲಿ ಸಿಗರೇಟು ಮುಟ್ಟದ ಇವರು, ಬಿಡುವ ಸಲುವಾಗಿಯಾದರೂ ಒಂದು ಹಚ್ಚಲೇ ಎಂದು ನನ್ನನ್ನು ಕೇಳುತ್ತಿದ್ದಾರೆ. ಇವರಿಗೆ ಮೇಲೆಯೇ ಏನಾದರೂ ಕೆಲಸ ಕೊಡಿ ಎಂದು ನಾನು ಸಾಹೇಬರಿಗೆ ಕೈಮುಗಿದರೆ, ತಮ್ಮತ್ತ ಬೆರಳು ತೋರಿಸಿ “ಗಾಳಿ ಚೆನ್ನಾಗಿದೆ ಅಂತ ಅದೇ ಹೇಳ್ತಿದೆಯಲ್ಲಮ್ಮಾ!” ಎಂದುಬಿಟ್ಟರು.

ತಾವು ಒಮ್ಮೆ ಕಿರುಚಿದ್ದುಂಟು, ನೆನಪಿದೆಯೇ? ನಾನು ಕಪಾಟಿನ ಹಿಂದೆ ಜೋರಾಗಿ ಪೊರಕೆ ಆಡಿಸಿದ ದಿನ. ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಅಂಗಳಕ್ಕೆ ಓಡಿದರು, ಡಾಕ್ಟರು ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಅವರ ಎದೆ ಪರೀಕ್ಷಿಸಿದರು, ಸಂಜೆಯೊಳಗೆ ಪೊರಕೆಗೇ ನಿಷೇಧ ಬಂತು. ಅಬ್ಬಾ, ತಮ್ಮ ಒಂದು ಕೂಗಿಗೆ ಏನು ಬೆಲೆ! ನಮ್ಮವರ ಕೆಮ್ಮಿಗೆ ಇಡೀ ಓಣಿ ಎದ್ದು ಕೂರುತ್ತದೆ, ಕಚೇರಿಗೆ ಮಾತ್ರ ಕೇಳಿಸುವುದಿಲ್ಲ.

ಆದಕಾರಣ ನನ್ನ ವಿನಮ್ರ ಕೋರಿಕೆಯೇನೆಂದರೆ, ಒಂದೇ ಒಂದು ಪಾಳಿಯ ಮಟ್ಟಿಗೆ ತಾವು ಅವರ ಜಾಗದಲ್ಲಿ ನಿಂತು, ಅವರನ್ನು ಈ ಗೋಡೆಗೆ ನೇತುಹಾಕಲು ಅಪ್ಪಣೆ ಕೊಡಿಸಬೇಕು. ಅವರು ಹೆಚ್ಚು ಜಾಗ ತಿನ್ನುವುದಿಲ್ಲ, ಈಚೆಗೆ ಬಹಳ ಇಳಿದುಹೋಗಿದ್ದಾರೆ. ಬೇಕಾದರೆ ತಮ್ಮಂತೆಯೇ ಅವರನ್ನೂ ನಾನೇ ಒರೆಸುತ್ತೇನೆ. ನನಗೆ ಅವರು ಬೇಕು ಮಾನ್ಯರೇ, ಅಷ್ಟೇ.

ತಮ್ಮ ವಿಶ್ವಾಸಿ,
ಪೊರಕೆ ಕಳೆದುಕೊಂಡ ಕಸಗುಡಿಸುವವಳು

ಮರೆತ ಮಾತು: ಅಪ್ಪಣೆಗೆ ಕಾಯುವಷ್ಟು ಉಸಿರು ನಮ್ಮ ಮನೆಯಲ್ಲಿಲ್ಲ. ಆದ್ದರಿಂದ ಈ ಪತ್ರವನ್ನು ತಮ್ಮ ಮೊಳೆಗೆ ಸಿಕ್ಕಿಸಿ, ತಮ್ಮನ್ನು ಯಜಮಾನರ ಊಟದ ಚೀಲದಲ್ಲಿ ಕೆಳಗೆ ಕಳಿಸಿದ್ದೇನೆ. ಅಲ್ಲಿ ಕಿರುಚಬೇಕೆನಿಸಿದರೆ ಸಂಕೋಚ ಬೇಡ. ಸಾಹೇಬರು ತಮ್ಮನ್ನು ಹುಡುಕಿಕೊಂಡಾದರೂ ಕೆಳಗಿಳಿದಾರು.